ಹಲ್ಲು ಕೀಳಿಸಿದ ಮೇಲೆ ನೋವು ಏರುತ್ತಿದ್ದರೆ ‘ಮಾಮೂಲು’ ಅನ್ನುವವರನ್ನು ನಂಬಬೇಡಿ

ಹಲ್ಲು ಕೀಳಿಸಿಕೊಳ್ಳಲು ಹೊರಟಿರುವವರು ದಯವಿಟ್ಟು ಪೂರ್ತಿ ಓದಿ. ಕಿತ್ತ ಮೇಲೆ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಒಮ್ಮೆ ಇಳಿದ ನೋವು ಮತ್ತೆ ಏರಿದರೆ ಅದು ಮಾಮೂಲು ಅಲ್ಲ. ಅಲ್ಲವೇ ಅಲ್ಲ. ಇದನ್ನು ನನಗೆ ಹೇಳಬೇಕಾಗಿದ್ದವರೇ ಉಲ್ಟಾ ಹೇಳಿ ಮನೆಯಲ್ಲಿ ಕೂರಿಸಿದರು. ಇನ್ನೂ ಸಿಟ್ಟು ಇಳಿದಿಲ್ಲ.

ನನ್ನದು ಕೆಳದವಡೆಯ ಹಿಂದಿನ ಹಲ್ಲುಗಳು. ಕಿತ್ತು, ವಸಡು ಮಾಗಿದ ಮೇಲೆ ಕಟ್ಟುಹಲ್ಲಿನ ಸೆಟ್ ಕೂರಿಸುವುದು ಅಂತ ಮಾತಾಗಿತ್ತು. ಎರಡಕ್ಕೂ ಸೇರಿಸಿ ಕ್ಲಿನಿಕ್‌ನವರು ದುಡ್ಡು ಮೊದಲೇ ಕಟ್ಟಿಸಿಕೊಂಡರು. ಕೀಳುವ ದಿನ ನಗುನಗುತ್ತಾ ಮಾತಾಡಿದರು. ಒಂದು ದಿನ ಉಗುಳಬೇಡಿ, ಮುಕ್ಕಳಿಸಬೇಡಿ, ಸ್ಟ್ರಾದಲ್ಲಿ ಹೀರಬೇಡಿ, ಆಮೇಲೆ ಉಗುರುಬೆಚ್ಚಗಿನ ಉಪ್ಪುನೀರು ಅಂದರು. ಅಷ್ಟನ್ನೂ ಹಾಗೇ ಮಾಡಿದೆ. ನನಗೆ ಸಿಗರೇಟಿನ ಅಭ್ಯಾಸವೂ ಇಲ್ಲ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ಆಮೇಲೆ ತಪ್ಪನ್ನೆಲ್ಲ ನನ್ನ ತಲೆಗೇ ಕಟ್ಟಿದರು.

ಮೊದಮೊದಲು ನೋವು ಕಡಿಮೆಯಾಗುತ್ತಾ ಬಂತು. ಊತವೂ ಇಳಿಯಿತು. ಆಮೇಲೆ ಒಂದು ರಾತ್ರಿ ಶುರುವಾಯಿತು ನೋಡಿ. ಹಲ್ಲಿದ್ದ ಜಾಗದಿಂದ ಹೊರಟು ಕಿವಿಯೊಳಗೆ, ಕಣತಲೆಗೆ, ಕತ್ತಿನವರೆಗೆ. ಮಾತ್ರೆ ನುಂಗಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಬಾಯಲ್ಲಿ ಕೊಳೆತ ರುಚಿ. ಕೆಟ್ಟ ವಾಸನೆ. ಮನೆಯವರ ಎದುರು ಬಾಯಿ ತೆರೆಯಲು ನಾಚಿಕೆಯಾಗುತ್ತಿತ್ತು. ಕೈ ಅಡ್ಡ ಇಟ್ಟುಕೊಂಡು ಮಾತಾಡುತ್ತಿದ್ದೆ.

ಬೆಳಿಗ್ಗೆ ಫೋನ್ ಮಾಡಿದೆ. ಬಂದ ಉತ್ತರ: “ಹಲ್ಲು ಕಿತ್ತ ಮೇಲೆ ನೋಯದೆ ಇರುತ್ತಾ ಮೇಡಂ? ಎಲ್ಲರಿಗೂ ಹೀಗೇ.” ಮತ್ತೆ ಮಾಡಿದೆ. “ಡಾಕ್ಟರ್ ಬಿಜಿ ಇದ್ದಾರೆ. ಕೊಟ್ಟಿರೋ ಮಾತ್ರೆ ಮುಗಿಸಿ.” ವಾಸನೆ ಬರುತ್ತಿದೆ ಅಂದೆ. “ಸರಿಯಾಗಿ ಬ್ರಷ್ ಮಾಡಿ ಮೇಡಂ.” ಹೇಗಿರಬೇಡ ಹೇಳಿ! ನೋವಿಗೆ ನಿದ್ದೆ ಇಲ್ಲದವಳಿಗೆ ಹಲ್ಲುಜ್ಜುವ ಪಾಠ.

ಫೋಟೋ ಕಳಿಸಿ ಅಂದರು. ಕಳಿಸಿದೆ. “ಒಳಗೆ ಬೆಳ್ಳಗೆ ಕಾಣ್ತಿದೆ ಅಲ್ವಾ, ಅದು ಹೊಸ ಚರ್ಮ. ಚೆನ್ನಾಗಿ ಮಾಗ್ತಿದೆ” ಅಂತ ಮೆಸೇಜ್ ಬಂತು. ಪಕ್ಕದಲ್ಲಿ ನಗುವ ಮುಖದ ಚಿತ್ರ ಬೇರೆ. ನನಗೆ ಸಮಾಧಾನವೂ ಆಯಿತು. ಡಾಕ್ಟರ್ ಕಡೆಯಿಂದಲೇ ಬಂದ ಮಾತು, ನಂಬದೆ ಇನ್ನೇನು ಮಾಡಲಿ?

ತಡೆಯಲಾಗದೆ ನೇರವಾಗಿ ಹೋದೆ. ತುಂಬಾ ಹೊತ್ತು ಕಾಯಿಸಿದರು. ಡಾಕ್ಟರ್ ಒಳಗೆ ಕರೆದು, ಮೊಬೈಲ್ ಟಾರ್ಚ್ ಹಾಕಿ, ನಿಂತಲ್ಲಿಂದಲೇ ನೋಡಿದರು. ಕುರ್ಚಿಯಲ್ಲಿ ಒರಗಿಸಲಿಲ್ಲ, ಕನ್ನಡಿ ಒಳಗಿಟ್ಟು ನೋಡಲಿಲ್ಲ. “ಸ್ವಲ್ಪ ಇನ್‌ಫೆಕ್ಷನ್ ಇರಬಹುದು, ಸ್ಟ್ರಾಂಗ್ ಮಾತ್ರೆ ಕೊಡ್ತೀನಿ” ಅಂದರು. ಅದೇ ಉಸಿರಿಗೆ, “ಹೇಗೂ ಬಂದಿದ್ದೀರಿ, ಸೆಟ್‌ಗೆ ಅಳತೆ ತಗೊಂಡುಬಿಡೋಣವಾ?” ಬೆರಳು ತಾಗಿದರೆ ಜೀವ ಹೋಗುವಂತಿತ್ತು, ಅಲ್ಲಿಗೆ ಅಳತೆ! ಬೇಡ ಅಂದು ಎದ್ದು ಬಂದೆ.

ಬೇರೆ ದಂತವೈದ್ಯರ ಹತ್ತಿರ ಹೋದಾಗ ಅವರು ಎಕ್ಸ್‌ರೇ ತೆಗೆದರು, ಬೇರಿನ ಚೂರು ಉಳಿದಿದೆಯಾ ನೋಡಲು. ಉಳಿದಿರಲಿಲ್ಲ. ಆಮೇಲೆ ಪುಟ್ಟ ಕನ್ನಡಿ ಇಟ್ಟು ನನಗೇ ತೋರಿಸಿದರು. “ಈ ಬೆಳ್ಳಗಿರೋದು ಚರ್ಮ ಅಲ್ಲಮ್ಮ, ಮೂಳೆ” ಅಂದರು. ಮೂಳೆ! ನಗುವ ಮುಖದ ಚಿತ್ರ ಹಾಕಿ ‘ಚೆನ್ನಾಗಿ ಮಾಗ್ತಿದೆ’ ಅಂದಿದ್ದು ನನ್ನ ಬರಿ ಮೂಳೆಯನ್ನು ನೋಡಿ. ಆ ಕುರ್ಚಿಯಲ್ಲೇ ಕಣ್ಣಲ್ಲಿ ನೀರು ಬಂತು. ನೋವಿಗಲ್ಲ, ಇಷ್ಟು ದಿನ ಮೋಸ ಹೋದೆನಲ್ಲ ಅಂತ.

ಇದಕ್ಕೆ ಡ್ರೈ ಸಾಕೆಟ್ ಅನ್ನುತ್ತಾರೆ. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಮೂಳೆಯನ್ನು ಮುಚ್ಚಬೇಕು. ಆ ಹೆಪ್ಪು ನಿಲ್ಲದೆ ಹೋದರೆ ಮೂಳೆ ಬಯಲಾಗುತ್ತದೆ. ಸಾಮಾನ್ಯವಾಗಿ ಕಿತ್ತ 2–4 ದಿನಕ್ಕೆ ನೋವು ಜೋರಾಗುತ್ತದೆ. ಕೆಳಗಿನ ದವಡೆ ಹಲ್ಲುಗಳಲ್ಲಿ ಜಾಸ್ತಿ, ಸಿಗರೇಟು ಸೇದುವವರಲ್ಲಿ ಇನ್ನೂ ಜಾಸ್ತಿ. ಆದರೆ ಎಲ್ಲ ಸರಿಯಾಗಿ ಮಾಡಿದವರಿಗೂ ಬರುತ್ತದೆ. ಒಳ್ಳೆಯ ಡಾಕ್ಟರ್ ಕಿತ್ತರೂ ಬರಬಹುದು. ಬಂದಿದ್ದಕ್ಕೆ ನನಗೆ ಸಿಟ್ಟಿಲ್ಲ. ನೋಡಲಿಲ್ಲವಲ್ಲ, ಅದಕ್ಕೆ ಸಿಟ್ಟು. ಮಾಗುವಾಗ ಗುಳಿಯಲ್ಲಿ ಬಿಳಿ-ಹಳದಿ ಪದರ ಬರುವುದು ನಿಜವೇ, ಅದು ಕೀವಲ್ಲ. ಆದರೆ ಅದು ಪದರವೋ ಮೂಳೆಯೋ ಅಂತ ಫೋಟೋ ನೋಡಿ ಹೇಳಲು ಹೋಗಬಾರದು.

ಹೊಸ ಡಾಕ್ಟರ್ ಗುಳಿಯನ್ನು ತೊಳೆದು, ಲವಂಗದೆಣ್ಣೆ ವಾಸನೆಯ ಔಷಧಿ ತುಂಬಿದರು. ಅಷ್ಟೇ. ಅವತ್ತು ರಾತ್ರಿ ನಿದ್ದೆ ಮಾಡಿದೆ. ಬರೀ ಆಂಟಿಬಯೋಟಿಕ್ ನುಂಗಿದರೆ ಈ ನೋವು ಹೋಗುವುದಿಲ್ಲವಂತೆ. ಇಷ್ಟು ಸುಲಭದ ಕೆಲಸಕ್ಕೆ ನನ್ನನ್ನು ಅಷ್ಟು ದಿನ ಒದ್ದಾಡಿಸಿದರಲ್ಲ ಅಂತ ಹೊಟ್ಟೆ ಉರಿಯಿತು.

ಮೊದಲಿನವರಿಗೆ ಫೋನ್ ಮಾಡಿ ಕೇಳಿದರೆ ಏನು ಹೇಳಬೇಕು? “ನೀವು ಜೋರಾಗಿ ಮುಕ್ಕಳಿಸಿರಬೇಕು.” ಇಲ್ಲ ಅಂದೆ. “ಹಾಗಾದ್ರೆ ನಾಲಿಗೆ ಹಾಕಿರಬೇಕು.” ಸೆಟ್‌ನ ದುಡ್ಡು ವಾಪಸ್ ಕೊಡಿ ಅಂದೆ. “ಬೇರೆಯವರ ಹತ್ತಿರ ಕೈ ಹಾಕಿಸಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ. ಪ್ಯಾಕೇಜ್‌ನಲ್ಲಿ ಬಿಡಿ ಲೆಕ್ಕ ಇರಲ್ಲ ಮೇಡಂ.” ಅಂದರೆ ಮಾಡದ ಕೆಲಸಕ್ಕೂ ದುಡ್ಡು! ಕೀಳಿಸುವುದಕ್ಕೆ ಮಾತ್ರ ಕೊಡಿ, ಸೆಟ್‌ಗೆ ಮೊದಲೇ ಕೊಡಬೇಡಿ. ಮೇಲಿನ ವಸಡು ಮುಚ್ಚಲು ಕೆಲವು ವಾರ ಬೇಕು, ಒಳಗಿನ ಮೂಳೆ ತುಂಬಲು ತಿಂಗಳುಗಳೇ ಬೇಕು. ವಸಡು ಕುಗ್ಗುವ ಮೊದಲು ಮಾಡಿಸಿದ ಸೆಟ್ ಆಮೇಲೆ ಸಡಿಲವಾಗುತ್ತದೆ. ಅಷ್ಟೊಂದು ಅವಸರ ಯಾರಿಗೆ ಬೇಕಿತ್ತು ಅಂತ ಈಗ ಗೊತ್ತಾಯಿತು.

ನೋವು ಇಳಿದು ಮತ್ತೆ ಏರಿತಾ, ಕಿವಿಗೆ ಹೊಡೆಯುತ್ತಿದೆಯಾ, ಕೆಟ್ಟ ವಾಸನೆಯಾ? ಫೋನಿನಲ್ಲಿ ಕೇಳುತ್ತಾ ಕೂರಬೇಡಿ, ಅವತ್ತೇ ಹೋಗಿ ಕುರ್ಚಿಯಲ್ಲಿ ಕೂತು ತೋರಿಸಿ. ಅವರು ನೋಡದಿದ್ದರೆ ಇನ್ನೊಬ್ಬರು. ಜ್ವರ ಬಂದು ಊತ ಏರುತ್ತಿದ್ದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಸೀದಾ ಆಸ್ಪತ್ರೆಗೆ ಹೋಗಿ.

ಎಕ್ಸ್‌ರೇ ಮತ್ತು ಏನೇನು ಮಾಡಿದರು ಅನ್ನುವ ಚೀಟಿಯನ್ನು ಕೀಳಿಸಿದ ದಿನವೇ ಕೇಳಿ ತೆಗೆದುಕೊಳ್ಳಿ. ನನ್ನದನ್ನು ಕೇಳುತ್ತಲೇ ಇದ್ದೇನೆ. “ಹುಡುಕ್ತಾ ಇದ್ದೀವಿ ಮೇಡಂ” ಅನ್ನುತ್ತಲೇ ಇದ್ದಾರೆ.