ಇರುವೆ, ಚಂದ್ರನ ಗುಡಿ, ಮೊಬೈಲ್: ಔಷಧಿ ಹೊಡೆಯಲು ಯಾವುದನ್ನು ನಂಬಬಹುದು?

ಮೇ ಕೊನೆ ಬಂತೆಂದರೆ ಅಡಿಕೆ ತೋಟದವರಿಗೆ ಒಂದೇ ಚಿಂತೆ. ಮಳೆಗಾಲ ಹಿಡಿಯುವ ಮೊದಲು ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆದು ಮುಗಿಸಬೇಕು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಅದು ಅಡಿಕೆ ಗೊನೆಯ ಮೇಲೆ ಒಣಗುವ ಮೊದಲೇ ಮಳೆ ಬಂದರೆ ದುಡ್ಡು, ಕೂಲಿ ಎರಡೂ ಹೋಯಿತು. ಅದಕ್ಕೇ ಎರಡು ವರ್ಷ ನೋಟ್‌ಬುಕ್ ಇಟ್ಟು, ಅಜ್ಜ ಹೇಳುತ್ತಿದ್ದ ಗುರುತುಗಳನ್ನೂ ಮೊಬೈಲಿನ ಮುನ್ಸೂಚನೆಯನ್ನೂ ಪಕ್ಕಪಕ್ಕ ಬರೆದೆ.

ಇರುವೆ ಮೊಟ್ಟೆ ಹೊತ್ತು ಸಾಗಿದರೆ ಮಳೆ ಅನ್ನುತ್ತಾರಲ್ವಾ? ನಾವು ಮೊಟ್ಟೆ ಅನ್ನುವ ಆ ಬಿಳಿ ಕಾಳುಗಳು ಹೆಚ್ಚಾಗಿ ಮರಿಹುಳ, ಕೋಶಗಳು. ತೇವ, ಬಿಸಿ ಬದಲಾದಾಗ ಇರುವೆಗಳು ಅವುಗಳ ಜಾಗ ಬದಲಿಸುತ್ತವೆ. ನಾನು ಕೊಟ್ಟಿಗೆ ತೊಳೆದ ದಿನವೂ ಸಾಗಿಸಿದ್ದವು! ಗೆದ್ದಲಿನ ರೆಕ್ಕೆಹುಳ ಏಳುವುದು ಹೆಚ್ಚಾಗಿ ಮಳೆ ಬಿದ್ದ ಮೇಲೆ. ನನ್ನ ಕೆಲಸಕ್ಕೆ ಅದು ತಡ.

ಚಂದ್ರ ಗುಡಿ ಕಟ್ಟಿದರೆ, ಅಂದರೆ ಸುತ್ತ ಬೆಳಕಿನ ಬಳೆ ಕಂಡರೆ, ಮಳೆ ಅನ್ನುವುದು ಬೇರೆ ವಿಷಯ. ಕೈ ಚಾಚಿ ಒಂದು ಗೇಣು ಅಳೆದರೆ ಹೆಚ್ಚುಕಡಿಮೆ ಅಷ್ಟು ದೂರದಲ್ಲಿ ಬಳೆ ಕಾಣುತ್ತದೆ, ಸುಮಾರು 22 ಡಿಗ್ರಿ. ತುಂಬಾ ಎತ್ತರದ ತೆಳು ಮೋಡದ ಮಂಜುಗಡ್ಡೆ ಹರಳುಗಳು ಬೆಳಕನ್ನು ಬಾಗಿಸುವುದರಿಂದ ಹಾಗೆ. ಆದರೆ ಆ ಮೋಡ ಎಲ್ಲೋ ದೂರದ ಗುಡುಗುಮೋಡದ ತಲೆ ಹರಡಿ ಬಂದದ್ದೂ ಆಗಿರಬಹುದು. ಗುಡಿ ಇಲ್ಲದಿದ್ದರೆ ಮಳೆ ಇಲ್ಲ ಅಂತಲೂ ಅಲ್ಲ. ಒಂದು ರಾತ್ರಿ ಚಂದ್ರ ತಿಳಿಯಾಗಿದ್ದ. ನಂಬಿ ಮರುದಿನ ಔಷಧಿ ಹೊಡೆಸಿದೆ. ಮಧ್ಯಾಹ್ನ 3ಕ್ಕೆ ಗುಡುಗಿ ಸುರಿಯಿತು. ಮರದ ಬುಡದಲ್ಲಿ ನೀಲಿ ನೀರು ಹರಿಯುವುದನ್ನು ನೋಡಿ ಹೊಟ್ಟೆ ಉರಿಯಿತು.

ಮೊಬೈಲ್‌ನಲ್ಲಿ ಹವಾಮಾನ ಇಲಾಖೆಯ ಕೃಷಿ ಸಲಹೆ ಮಂಗಳವಾರ, ಶುಕ್ರವಾರ ಬರುತ್ತದೆ, ಮುಂದಿನ 5 ದಿನದ ಮುನ್ಸೂಚನೆ ಸಮೇತ. ವಾರದಲ್ಲಿ ಯಾವ ದಿನ ಹೊಡೆಯಬಹುದು ಅನ್ನಲು ಇದರಷ್ಟು ಉಪಯೋಗ ಇನ್ಯಾವುದೂ ಆಗಲಿಲ್ಲ. ನಮ್ಮ ಗುಡ್ಡದ ಈಚೆ ಎಷ್ಟು ಗಂಟೆಗೆ ಸುರಿಯುತ್ತದೆ ಅನ್ನುವುದು ಮಾತ್ರ ಅದರಲ್ಲಿ ಸಿಗುವುದಿಲ್ಲ.

ಅಲ್ಲಿ ಗೆದ್ದದ್ದು ಅಜ್ಜನ ಇನ್ನೊಂದು ಮಾತು: "ಬೆಳಿಗ್ಗೆ ಧಗೆ, ಸಂಜೆ ಮಳೆ." ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ, ಮೇಲೆ ಬಿಸಿಲು. ನೆಲ ಕಾದು ಗಾಳಿ ಮೇಲೇರಿ ಮಧ್ಯಾಹ್ನದ ಹೊತ್ತಿಗೆ ಮೋಡವಾಗುತ್ತದೆ. ವಿಜ್ಞಾನವೂ ಹೇಳುವುದು ಇದನ್ನೇ. ನನ್ನ ನೋಟ್‌ಬುಕ್ಕಿನಲ್ಲಿ ಮೇ ತಿಂಗಳಲ್ಲಿ ಅತಿ ಕಡಿಮೆ ತಪ್ಪಿದ ಗುರುತು ಇದೇ.

ಈಗ ಮಂಗಳವಾರದ ಮುನ್ಸೂಚನೆ ನೋಡಿ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರಿಗೆ ದಿನ ಹೇಳುತ್ತೇನೆ. ಆ ದಿನ ಬೆಳಿಗ್ಗೆ ಎದ್ದು ಸುಮ್ನೆ ಅಂಗಳದಲ್ಲಿ ನಿಲ್ಲುತ್ತೇನೆ. ಮೈ ಬೆವರಿದರೆ ಹನ್ನೊಂದಕ್ಕೆಲ್ಲ ಪಂಪ್ ಬಂದ್.