ಮೈಸೂರು ಸ್ಯಾಂಡಲ್ ಸೋಪು: ಒಂದು ಮಳೆಗಾಲ, ಒಂದು ಕಾಫಿ ಕೊಯ್ಲು ಬಳಸಿದ ಮೇಲೆ

ನಮ್ಮ ಮನೆಗೆ ಈ ಸೋಪು ಹೊಸದಲ್ಲ. ನಾನು ಚಿಕ್ಕವಳಿದ್ದಾಗ ಅಮ್ಮ ಇದನ್ನು ಬೀರುವಿನಲ್ಲಿ ಸೀರೆಗಳ ಮಧ್ಯೆ ಇಡುತ್ತಿದ್ದರು. ನೆಂಟರು ಬಂದರೆ, ಇಲ್ಲ ಮಗು ಹುಟ್ಟಿದರೆ ಮಾತ್ರ ಹೊರಗೆ ಬರುತ್ತಿತ್ತು. ಮದುವೆಯಾಗಿ ಕೊಡಗಿನ ಸಿದ್ದಾಪುರದ ಕಡೆ ಕಾಫಿ ತೋಟಕ್ಕೆ ಬಂದ ಮೇಲೆ (ನಮ್ಮವರು ಇಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವ ಕೆಲಸದಲ್ಲಿದ್ದಾರೆ) ಅಂಗಡಿಯಲ್ಲಿ ಯಾವುದಕ್ಕೆ ಆಫರ್ ಇದೆಯೋ ಅದನ್ನೇ ತರುವ ಅಭ್ಯಾಸವಾಯಿತು. ಮತ್ತೆ ಇದಕ್ಕೆ ಬಂದಿದ್ದು 2025ರ ಜೂನ್‌ನಲ್ಲಿ. ಮೇ ತಿಂಗಳ ಗಲಾಟೆ ನಿಮಗೂ ನೆನಪಿರಬಹುದು. ಕನ್ನಡದವರಲ್ಲದ ನಟಿ ತಮನ್ನಾ ಭಾಟಿಯಾ ಅವರನ್ನು ಈ ಸೋಪಿನ ರಾಯಭಾರಿ ಮಾಡಿದರು ಅಂತ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಎರಡು ದಿನ ಅದೇ ಮಾತು. ಇನ್ನು ಈ ಸೋಪು ಮುಟ್ಟಲ್ಲ ಅಂತ ಒಬ್ಬರು, ಇನ್ನು ಮೇಲೆ ಇದನ್ನೇ ತಗೊಳ್ಳೋಣ ಅಂತ ಇನ್ನೊಬ್ಬರು. ಸೋಪು ಹೇಗಿದೆ ಅಂತ ಮಾತ್ರ ಯಾರೂ ಹೇಳಲಿಲ್ಲ. ಹಾಗಾಗಿ ನಾನೇ ತಂದು ಬಳಸಿದೆ. ಜೂನ್‌ನಿಂದ ಫೆಬ್ರವರಿವರೆಗೆ ಮನೆಯಲ್ಲಿ ನಾಲ್ಕು ಜನ ಬೇರೆ ಸೋಪು ಮುಟ್ಟಿಲ್ಲ.

ಮೊದಲು ಪರಿಮಳ. ಪೆಟ್ಟಿಗೆ ಬಿಚ್ಚಿದ ತಕ್ಷಣ ಬರುವ ವಾಸನೆ ಬೇರೆ, ನೀರು ತಾಗಿದ ಮೇಲೆ ಬರುವುದು ಬೇರೆ. ಒಣಗಿದ್ದಾಗ ಸ್ವಲ್ಪ ಗಾಢವಾಗಿ, ದೇವರ ಕೋಣೆಯ ಹಾಗೆ. ನೊರೆ ಬಂದ ಮೇಲೆ ಹಗುರಾಗುತ್ತೆ, ಬಿಸಿನೀರಿನ ಹಬೆಯಲ್ಲಿ ಬಚ್ಚಲು ತುಂಬಾ ಹರಡುತ್ತೆ. ಸ್ನಾನ ಮಾಡಿ ಒಂದೆರಡು ಗಂಟೆ ಮೈಯಲ್ಲಿರುತ್ತೆ, ಆಮೇಲೆ ಹೋಗುತ್ತೆ. ದಿನವಿಡೀ ಇರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಟವೆಲ್‌ನಲ್ಲಿ ಉಳಿಯುತ್ತೆ. ನಮ್ಮ ಕಡೆ ಜುಲೈನಲ್ಲಿ ಟವೆಲ್ ಒಣಗೋದೇ ಇಲ್ಲ, ಒಲೆ ಮೇಲೆ ಹಗ್ಗ ಕಟ್ಟಿ ಹಾಕಿದರೂ ಒಂಥರಾ ಮುಗ್ಗುಲು ವಾಸನೆ. ಈ ಸಲ ಅದು ಕಡಿಮೆ ಇತ್ತು. ನನಗೆ ಇದೊಂದೇ ಸಾಕಿತ್ತು.

ತೊಂದರೆಯೂ ಇದೆ. ನಮ್ಮದು ತೊರೆ ನೀರು, ತುಂಬಾ ಮೆದು. ಸೋಪು ಸ್ವಲ್ಪ ಉಜ್ಜಿದರೂ ರಾಶಿ ನೊರೆ ಬರುತ್ತೆ, ತೊಳೆದಷ್ಟೂ ಜಾರುತ್ತೆ. ಅದಕ್ಕೆ ಸೋಪು ಬೇಗ ಸವೆಯುತ್ತೆ. ತಳಕ್ಕೆ ನೀರು ನಿಂತರೆ ಮೊಟ್ಟೆಯಾಕಾರದ ಆ ಸೋಪು ಎರಡೇ ದಿನದಲ್ಲಿ ಅಂಬಲಿಯಾಗುತ್ತೆ. ಮಳೆಗಾಲದಲ್ಲಿ ತೂತಿರುವ ಡಬ್ಬಿಯಲ್ಲೇ ಇಡಿ. ನಾನು ಕೊನೆಗೆ ಸೋಪನ್ನು ಎರಡು ತುಂಡು ಮಾಡಿ ಒಂದನ್ನು ಒಣಗಿದ ಜಾಗದಲ್ಲಿ ಇಡಲು ಶುರು ಮಾಡಿದೆ, ಸುಮಾರು ಒಂದು ವಾರ ಜಾಸ್ತಿ ಬಂತು. ಡಿಸೆಂಬರ್ ಚಳಿಯಲ್ಲಿ ಕಾಲು ಬಿರಿಯುವವರಿಗೆ ಇದೊಂದೇ ಸಾಲದು, ಸ್ನಾನ ಆದಮೇಲೆ ಕೊಬ್ಬರಿ ಎಣ್ಣೆ ಬೇಕೇ ಬೇಕು.

ಕಾಫಿ ಕೊಯ್ಲಿನ ಕೈ ಇದಕ್ಕೆ ದೊಡ್ಡ ಪರೀಕ್ಷೆ. ಹಣ್ಣು ಕುಯ್ದವರಿಗೆ ಗೊತ್ತು, ಸಂಜೆ ಹೊತ್ತಿಗೆ ಬೆರಳ ಸಂದಿಯಲ್ಲಿ ಅಂಟು ಅಂಟು, ಮಾರನೇ ದಿನ ಅದೇ ಕಪ್ಪಾಗಿ ಉಗುರು ಸುತ್ತ ಕೂತಿರುತ್ತೆ. ಈ ಸೋಪು ಅಂಟು ತೆಗೆಯುತ್ತೆ, ಕಪ್ಪು ತೆಗೆಯಲ್ಲ. ಯಾವ ಸೋಪೂ ತೆಗೆಯಲ್ಲ ಬಿಡಿ, ಕೊಯ್ಲು ಮುಗಿದು ಹದಿನೈದು ದಿನಕ್ಕೆ ತಾನೇ ಹೋಗುತ್ತೆ. ಕಣದ ಪಕ್ಕದ ನಲ್ಲಿ ಹತ್ತಿರ ಒಂದು ಸೋಪು ಇಟ್ಟಿದ್ದೆ. ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ಹೆಂಗಸರು ಚೀಲ ತೂಕಕ್ಕೆ ಹಾಕಿ ಬಂದು ಮೊಣಕೈವರೆಗೆ ನೊರೆ ಮಾಡಿಕೊಂಡು, ತೊಳೆದ ಕೈಯನ್ನು ಮೂಗಿನ ಹತ್ತಿರ ಹಿಡಿದು ಒಂದು ಸಲ ಉಸಿರು ಎಳೆದುಕೊಂಡೇ ಮನೆಗೆ ಹೋಗುತ್ತಿದ್ದರು. ಒಬ್ಬಳು ಬಿಡದೆ ಎಲ್ಲರೂ ಹಾಗೇ. ಆ ಸೋಪು ನಾಲ್ಕೇ ದಿನಕ್ಕೆ ಮುಗಿಯಿತು. ಇನ್ನೊಂದು ಇಟ್ಟೆ.

ಈಗ ಆ ಗಲಾಟೆ ವಿಷಯ. ಇದು ಸರ್ಕಾರಿ ಸೋಪು, ಮಾಡುವುದು ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಹೊರದೇಶಕ್ಕೆ ಕಳಿಸಲಾಗದೆ ರಾಶಿ ಬಿದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯ 1916ರಲ್ಲಿ ಗಂಧದೆಣ್ಣೆ ತೆಗೆಯಲು ಶುರು ಮಾಡಿಸಿದರು. ಸೋಪು ಬಂದಿದ್ದು 1918ರಲ್ಲಿ. ಆಗ ಕೊಡಗು ಮೈಸೂರಿಗೆ ಸೇರಿರಲಿಲ್ಲ, ಆದರೂ ಸೋಪು ನಮ್ಮಜ್ಜಿ ಕಾಲಕ್ಕೇ ಇಲ್ಲಿ ಬಂದಿತ್ತು. 2006ರಲ್ಲಿ ಧೋನಿ ರಾಯಭಾರಿ ಆಗಿದ್ದರು. 2025ರಲ್ಲಿ ತಮನ್ನಾ, ಎರಡು ವರ್ಷ ಎರಡು ದಿನಕ್ಕೆ 6.2 ಕೋಟಿ ರೂಪಾಯಿ. ಕನ್ನಡದ ಹುಡುಗಿ ಸಿಗಲಿಲ್ಲವಾ ಅಂತ ಜನ ಕೇಳಿದರು. ನಮ್ಮ ಮೈಸೂರು-ಕೊಡಗು ಸಂಸದ ಯದುವೀರ್ ಒಡೆಯರ್ ಕೂಡ ವಿರೋಧಿಸಿದರು, ಸೋಪು ಶುರು ಮಾಡಿಸಿದ್ದು ಅವರ ಮನೆತನವೇ ಅಲ್ವಾ. ಸಚಿವ ಎಂ.ಬಿ. ಪಾಟೀಲರು ಕರ್ನಾಟಕದ ಆಚೆಗೂ ಮಾರಾಟ ಬೆಳೆಯಬೇಕು, 2028ರ ಹೊತ್ತಿಗೆ 5,000 ಕೋಟಿ ವಹಿವಾಟು ಮುಟ್ಟಬೇಕು ಅಂದರು. ದೀಪಿಕಾ ಪಡುಕೋಣೆ, ರಶ್ಮಿಕಾ ಮಂದಣ್ಣ, ಪೂಜಾ ಹೆಗ್ಡೆ, ಕಿಯಾರಾ ಅಡ್ವಾಣಿ ಹೆಸರುಗಳನ್ನೂ ನೋಡಿದ್ದೆವು ಅಂದರು.

ರಶ್ಮಿಕಾ ಹೆಸರು ಬಂದ ಮೇಲೆ ವಿರಾಜಪೇಟೆ ಕಡೆ ಕೇಳಬೇಕಾ. ನಮ್ಮೂರ ಹುಡುಗಿ, ಅವಳನ್ನೇ ಹಾಕಬೇಕಿತ್ತು ಅಂತ ಬಸ್ಸಿನಲ್ಲೂ ಅದೇ ಮಾತು. ಅದೇ ವರ್ಷ ಮಾರ್ಚ್‌ನಲ್ಲಿ ಒಬ್ಬ ಶಾಸಕರು ಆಕೆಗೆ ಪಾಠ ಕಲಿಸಬೇಕು ಅಂದಿದ್ದರು, ಸಿನಿಮೋತ್ಸವಕ್ಕೆ ಬರಲಿಲ್ಲ ಅಂತ. ಎರಡೇ ತಿಂಗಳಿಗೆ ಅದೇ ಹೆಸರು ಸರ್ಕಾರದ ಸೋಪಿನ ಪಟ್ಟಿಯಲ್ಲಿ. ಆಕೆ ನಮ್ಮ ಜಿಲ್ಲೆಯಿಂದ ಹೋಗಿ ದುಡಿದು ಗೆದ್ದವಳು, ನನಗೂ ಹೆಮ್ಮೆ ಇದೆ. ನಮ್ಮ ಕಡೆಯ ನಟಿ ಪ್ರೇಮಾ ಕಾಲದಿಂದಲೂ ಇದೆ.

ಆದರೆ ಆ ಐದು ಹೆಸರುಗಳನ್ನು ನಾನು ಮತ್ತೆ ಮತ್ತೆ ಓದಿದೆ. ದೀಪಿಕಾ ಒಬ್ಬರನ್ನು ಬೇಕಾದರೆ ಎಣ್ಣೆಗೆಂಪು ಅನ್ನಬಹುದು. ಉಳಿದವರೆಲ್ಲ ಬೆಳ್ಳಗೆ. ಅದು ಅವರ ತಪ್ಪಲ್ಲ, ಹುಟ್ಟಿದ ಬಣ್ಣ. ನನ್ನ ಪ್ರಶ್ನೆ ನಮಗೆ. ಯಾವ ಭಾಷೆಯವಳು ಅಂತ ಇಷ್ಟು ಜನ ಜಗಳವಾಡಿದರಲ್ಲ, ಯಾವ ಬಣ್ಣದವಳು ಅಂತ ಒಬ್ಬರಾದರೂ ಕೇಳಿದರಾ? ಕನ್ನಡದ ಮುಖ ಬೇಕು ಅಂದವರ ಮನಸ್ಸಿನಲ್ಲೂ ಆ ಮುಖ ಬೆಳ್ಳಗೇ ಇತ್ತು.

ಇದು ಮೊದಲ ಸಲ ಅಲ್ಲ. 1996ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ನಾನು ಏಳನೇ ಕ್ಲಾಸು. ಪಕ್ಕದ ಮನೆ ಟಿವಿ ಮುಂದೆ ಹದಿನೈದು ಜನ ಕೂತಿದ್ದೆವು. ಹೊರಗೆ ದೊಡ್ಡ ಪ್ರತಿಭಟನೆ. ಈಜುಡುಗೆಯ ಸುತ್ತನ್ನು ಸೀಶೆಲ್ಸ್ ದ್ವೀಪಕ್ಕೆ ಸಾಗಿಸಿದರು, ಮದುರೆಯಲ್ಲಿ ಒಬ್ಬ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟ. ಆವತ್ತಿನ ಜಗಳವೆಲ್ಲ ಬಟ್ಟೆ ಎಷ್ಟು ಉದ್ದ ಇರಬೇಕು ಅಂತ. ಆದರೆ ಟಿವಿ ಆರಿಸಿದ ಮೇಲೆ ನಾವು ಹುಡುಗಿಯರು ಮಾಡಿದ್ದು ಏನು ಗೊತ್ತಾ? ಕಡಲೆಹಿಟ್ಟಿಗೆ ಮೊಸರು ಕಲಸಿ ಮುಖಕ್ಕೆ ಹಚ್ಚಿಕೊಂಡಿದ್ದು. ಒಂದು ತಿಂಗಳು ಬಿಡದೆ ಹಚ್ಚಿದೆವು.

ನನ್ನ ಅಕ್ಕನ ಮಗಳು ಈಗ ಮೈಸೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಬಣ್ಣ ಕಪ್ಪು, ನಮ್ಮಪ್ಪನ ಬಣ್ಣ. ಹಾಸ್ಟೆಲ್‌ನಲ್ಲಿ ಮೊದಲನೇ ದಿನ ಊರು ಕೇಳಿದ್ದಾರೆ. ಕೊಡಗು ಅಂದಿದ್ದಾಳೆ. "ಕೂರ್ಗಾ? ಹಾಗೆ ಕಾಣಿಸಲ್ಲ" ಅಂದರಂತೆ. ಅವಳು ಫೋನಿನಲ್ಲಿ ಹೇಳಿದಾಗ ನನಗೆ ಮಾತೇ ಬರಲಿಲ್ಲ. ಕೊಡಗು ಅಂದರೆ ಬೆಳ್ಳಗೆ, ಎತ್ತರ, ಹಿಂದೆ ನೆರಿಗೆ ಬಿಟ್ಟ ಸೀರೆ, ಅಷ್ಟೇ ಅಂತ ಹೊರಗಿನವರು ತಿಳಿದುಕೊಂಡಿದ್ದಾರೆ. ಕೊಡವರಲ್ಲೂ ಕಪ್ಪಗಿರುವವರು ಇದ್ದಾರೆ. ಎರವರು, ಕುರುಬರು, ಕುಡಿಯರು, ಅರೆಭಾಷೆ ಗೌಡರು, ಮಾಪಿಳ್ಳೆಯವರು, ನಮ್ಮಂಥವರು, ಎಲ್ಲರೂ ಇದೇ ಮಣ್ಣಿನವರು. ಕಾಫಿ ಕುಯ್ಯುವ ಕೈಗಳ ಬಣ್ಣ ಯಾವ ಜಾಹೀರಾತಿನಲ್ಲೂ ಬರುವುದಿಲ್ಲ.

ಮನೆಯಲ್ಲೂ ನಾವು ಕಡಿಮೆ ಮಾಡಿಲ್ಲ. "ಕಪ್ಪಾದ್ರೂ ಲಕ್ಷಣವಾಗಿದ್ದಾಳೆ" ಅಂತ ಅವಳ ಮುಂದೆಯೇ ಹೊಗಳುತ್ತೇವೆ. ಆ "ಆದ್ರೂ" ಎಷ್ಟು ಚುಚ್ಚುತ್ತೆ ಅಂತ ನನಗೆ ಗೊತ್ತಾಗಿದ್ದು ಅವಳು ಒಂದು ಸಲ ತಿರುಗಿ, "ಬೆಳ್ಳಗಿದ್ರೂ ಲಕ್ಷಣವಾಗಿದ್ದಾಳೆ ಅಂತ ಯಾರಿಗಾದ್ರೂ ಹೇಳ್ತೀರಾ ಚಿಕ್ಕಮ್ಮ?" ಅಂತ ಕೇಳಿದಾಗ. ಕಪ್ಪು ಕಸ್ತೂರಿ ಅಂತ ಸಮಾಧಾನ ಮಾಡೋದೂ ಅದೇ ಥರ. ಸಮಾಧಾನ ಮಾಡಬೇಕಾದ ವಿಷಯ ಅದು ಅಂತ ನಾವೇ ಒಪ್ಪಿಕೊಂಡ ಹಾಗೆ.

ಕಳೆದ ಓಣಂ ರಜೆಯಲ್ಲಿ ಅವಳ ಗೆಳತಿಯರು ಗಡಿಯಾಚೆಯ ಒಂದು ಅಂಗಡಿಯಿಂದ ಕ್ರೀಮ್ ತಂದುಕೊಟ್ಟಿದ್ದಾರೆ. ಸಣ್ಣ ಬಿಳಿ ಡಬ್ಬಿ. ಮೇಲೆ ಏನೇನು ಹಾಕಿದ್ದಾರೆ ಅಂತ ಇಲ್ಲ, ತಯಾರಕರ ವಿಳಾಸ ಇಲ್ಲ, ಒಬ್ಬ ಹೆಂಗಸಿನ ಚಿತ್ರ ಮಾತ್ರ. ಮೂರು ವಾರದಲ್ಲಿ ಮುಖ ನಿಜಕ್ಕೂ ತಿಳಿಯಾಯಿತು. ಐದನೇ ವಾರಕ್ಕೆ ಕೆನ್ನೆ ಮೇಲೆ ಕೆಂಪು ಗೆರೆಗಳು, ಬಿಸಿಲಿಗೆ ಹೋದರೆ ಉರಿ. ಚರ್ಮದ ಡಾಕ್ಟರು ಡಬ್ಬಿ ನೋಡಿ, ಸ್ಟೆರಾಯ್ಡ್ ಇರಬೇಕು, ತಕ್ಷಣ ನಿಲ್ಲಿಸಿ ಅಂದರು. ಸ್ಟೆರಾಯ್ಡ್ ಕ್ರೀಮನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು, ಆದರೂ ಮಾರುತ್ತಾರೆ. 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಇಂಥ ಹೊಳಪಿನ ಕ್ರೀಮ್ ಹಚ್ಚಿದವರ ಕಿಡ್ನಿಗೇ ತೊಂದರೆಯಾಗಿತ್ತು. ಅದರಲ್ಲಿ ಪಾದರಸ ಇತ್ತು. ಆಮೇಲೆ ಅಲ್ಲಿನ ಔಷಧ ನಿಯಂತ್ರಣದವರು ಅಂಗಡಿಗಳ ಮೇಲೆ ದಾಳಿ ಮಾಡಿದರು. ಮಾಕುಟ್ಟ ದಾಟಿದರೆ ಕೇರಳ. ಇರಿಟ್ಟಿಗೆ ನಾವು ಬಟ್ಟೆಗೆ, ಮೀನಿಗೆ ಹೋಗಿ ಬರುತ್ತಲೇ ಇರುತ್ತೇವೆ. ದಯವಿಟ್ಟು ಹೆಸರು ವಿಳಾಸ ಇಲ್ಲದ ಕ್ರೀಮನ್ನು ಯಾರೂ ತರಬೇಡಿ, ತಂದಿದ್ದರೆ ಇವತ್ತೇ ಎಸೆಯಿರಿ.

ದೊಡ್ಡ ಕಂಪನಿಗಳೂ ಇಷ್ಟು ವರ್ಷ ಇದನ್ನೇ ಮಾರಿದ್ದು. ಫೇರ್ ಅಂಡ್ ಲವ್ಲಿ 1975ರಿಂದ ಇತ್ತು, 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಡಬ್ಬಿ ಮೇಲಿನ ಹೆಸರು ಬದಲಾಯಿತು. ಹೆಣ್ಣು ನೋಡಲು ಬರುವವರ ಕಣ್ಣು ಬದಲಾಗಲಿಲ್ಲ. ಕಪ್ಪು ಹುಡುಗಿಯ ಕಥೆ ಅಂತ ಸೀರಿಯಲ್ ಮಾಡಿದರೂ ಬೆಳ್ಳಗಿರುವ ನಟಿಗೆ ಕಪ್ಪು ಬಳಿದು ನಿಲ್ಲಿಸುತ್ತಾರೆ.

ಅದಕ್ಕೇ ಈ ಸೋಪಿನ ಬಗ್ಗೆ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಹೇಳುತ್ತೇನೆ. ನಾನು ತಂದ ಪೆಟ್ಟಿಗೆಯನ್ನು ನಾಲ್ಕೂ ಕಡೆ ತಿರುಗಿಸಿ ಓದಿದೆ. ಬೆಳ್ಳಗಾಗುತ್ತೀರಿ ಅನ್ನುವ ಮಾತು ಎಲ್ಲೂ ಇಲ್ಲ. ಹೆಂಗಸಿನ ಮುಖವೂ ಇಲ್ಲ. ಇರುವುದು ಶರಭ, ಆನೆಯ ತಲೆ, ಸಿಂಹದ ಮೈ. ನೂರು ವರ್ಷಕ್ಕೂ ಮೇಲೆ ಈ ಸೋಪು ಗಂಧದ ಹೆಸರಿನಲ್ಲೇ ಮಾರಾಟವಾಗಿದೆ. ಕಪ್ಪಗಿದ್ದ ನಮ್ಮಪ್ಪನೂ ಬೆಳ್ಳಗಿದ್ದ ನಮ್ಮಮ್ಮನೂ ಸ್ನಾನ ಮಾಡಿ ಬಂದರೆ ಒಂದೇ ಪರಿಮಳ. ಇಂಥ ಸೋಪಿಗೆ 6.2 ಕೋಟಿಯ ಮುಖ ಬೇಕಿರಲಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತಮನ್ನಾ ಬದಲು ರಶ್ಮಿಕಾ ಬಂದಿದ್ದರೂ ಇದನ್ನೇ ಬರೆಯುತ್ತಿದ್ದೆ. ಮುಖ ಹಾಕಲೇಬೇಕು ಅಂದರೆ ನಮ್ಮ ಕಣದ ನಲ್ಲಿ ಹತ್ತಿರ ಬಂದು ನೋಡಲಿ, ಕೈ ತೊಳೆದು ಮೂಗಿಗೆ ಹಿಡಿದುಕೊಳ್ಳುವಾಗ ಆ ಹೆಂಗಸರ ಮುಖ ಹೇಗಿರುತ್ತೆ ಅಂತ. ಸರ್ಕಾರದ ಕಂಪನಿ ಇದು, ನಮ್ಮೆಲ್ಲರದ್ದು, ಕೇಳುವ ಹಕ್ಕು ನಮಗಿದೆ.

ಕೊಳ್ಳುವವರಿಗೆ ಒಂದೆರಡು ಮಾತು. ಇದು ಗ್ರೇಡ್ ಒಂದು ಸೋಪು, ಟಿ.ಎಫ್.ಎಂ. (ಒಟ್ಟು ಕೊಬ್ಬಿನಂಶ) 80 ಶೇಕಡಾ, ಅಂದರೆ ಅದರಲ್ಲಿ ನಿಜವಾದ ಸೋಪಿನ ಅಂಶ ಜಾಸ್ತಿ. ನಮ್ಮ ನಾಲ್ಕೂ ಜನಕ್ಕೆ ಮೈ ತುರಿಕೆ ಬರಲಿಲ್ಲ. ಮುಖಕ್ಕೆ ನಾನು ಹಚ್ಚುತ್ತೇನೆ, ಒಣ ಚರ್ಮದವರು ದಿನಕ್ಕೆ ಒಂದೇ ಸಲ ಸಾಕು. 2025ರ ಸೆಪ್ಟೆಂಬರ್ 22ರಿಂದ ಸೋಪಿನ ಜಿ.ಎಸ್.ಟಿ. 18ರಿಂದ 5 ಶೇಕಡಾಕ್ಕೆ ಇಳಿದಿದೆ, ಹಳೇ ಬೆಲೆ ಹೇಳಿದರೆ ಪೆಟ್ಟಿಗೆ ಮೇಲಿನದ್ದು ನೋಡಿ ಕೇಳಿ. ನಕಲಿ ಸೋಪೂ ಇದೆ, 2024ರಲ್ಲಿ ಹೈದರಾಬಾದಿನಲ್ಲಿ ಹಿಡಿದಿದ್ದರು. ಗೊತ್ತಿರುವ ಅಂಗಡಿಯಲ್ಲೇ ತಗೊಳ್ಳಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಡಿಮೆ ಮಾಡಿದ್ದು ಮಳೆಯಲ್ಲಿ ಕರಗುವುದಕ್ಕೆ.

ಖಾಲಿ ಪೆಟ್ಟಿಗೆ ಎಸೆಯಬೇಡಿ, ಬಟ್ಟೆ ಮಧ್ಯೆ ಇಡಿ, ಎರಡು ತಿಂಗಳು ಪರಿಮಳ ಇರುತ್ತೆ. ಅಕ್ಕನ ಮಗಳು ಸಂಕ್ರಾಂತಿಗೆ ಬಂದಾಗ ಕೆನ್ನೆಯ ಕೆಂಪು ಮುಕ್ಕಾಲು ಇಳಿದಿತ್ತು. ಹೊರಡುವಾಗ ನನ್ನ ಬೀರು ತೆಗೆದು ಆರು ಖಾಲಿ ಪೆಟ್ಟಿಗೆ ಬ್ಯಾಗಿಗೆ ಹಾಕಿಕೊಂಡಳು, ಹಾಸ್ಟೆಲ್‌ನಲ್ಲಿ ರೂಮಿನವರಿಗೂ ಬೇಕಂತೆ.