ಹದ್ದಿನ ಗೂಡು, ಜರೀಗಿಡದ ಗೂಡು: ಪುಣೆಯ ಬಾಲ್ಕನಿಗೆ ಬರ್ಡ್ಸ್ ನೆಸ್ಟ್ ಫರ್ನ್

ಪುಣೆಯ ನರ್ಸರಿಗಳಲ್ಲಿ ಆರಿಂಚಿನ ಕುಂಡದಲ್ಲಿ ಸಿಗುವ ಬರ್ಡ್ಸ್ ನೆಸ್ಟ್ ಫರ್ನ್, ಅಂದರೆ ಹಕ್ಕಿಗೂಡಿನ ಜರೀಗಿಡ, ಕೊಳ್ಳಲು ಯೋಗ್ಯವಾದ ಗಿಡ. ಹೆಸರಲ್ಲಿರುವ ಗೂಡು ಹೇಗೆ ಕೆಲಸ ಮಾಡುತ್ತದೆಂದು ತಿಳಿದಿದ್ದರೆ ವರ್ಷಗಟ್ಟಲೆ ಬಾಳುತ್ತದೆ.

ಎದುರಿನ ಮರದ ಹದ್ದನ್ನು ನೋಡಿ. ಜನವರಿ, ಫೆಬ್ರವರಿಯ ಹೊತ್ತಿಗೆ ಕೊಂಬೆಯ ಕವೆಯಲ್ಲಿ ಕಡ್ಡಿ ಜೋಡಿಸುತ್ತದೆ. ಚಿಂದಿ, ಕಾಗದ, ತಂತಿ, ಸಿಕ್ಕಿದ್ದನ್ನೆಲ್ಲ ಹೊತ್ತು ತರುತ್ತದೆ. ಜರೀಗಿಡ ಏನನ್ನೂ ತರುವುದಿಲ್ಲ, ಮೇಲಿಂದ ಬಿದ್ದದ್ದನ್ನು ಹಿಡಿದುಕೊಳ್ಳುತ್ತದೆ. ಕಾಡಿನಲ್ಲಿ ಅದು ಮರದ ಮೇಲೆ ಕೂತು ಬಟ್ಟಲಿನಂತೆ ಎಲೆ ಹರಡುತ್ತದೆ. ಅದರೊಳಗೆ ಬಿದ್ದ ತರಗೆಲೆ ಕೊಳೆತು ಗೊಬ್ಬರವಾಗುತ್ತದೆ, ಕೆಳಗಿನ ಬೇರಿನ ಮುದ್ದೆ ಸ್ಪಂಜಿನಂತೆ ತೇವ ಹಿಡಿದಿಡುತ್ತದೆ. ಕಟ್ಟುವ ರೀತಿ ಬೇರೆ, ಆದರೂ ಎರಡೂ ಗೂಡಿನಲ್ಲಿ ಗಾಳಿ ಆಡುತ್ತದೆ, ನೀರು ಮಡುಗಟ್ಟುವುದಿಲ್ಲ. ಕುಂಡದಲ್ಲಿ ಕೆಡುವುದೇ ಇಲ್ಲಿ.

ಗಿಡ ಕೆಂಪು ಮಣ್ಣಿನಲ್ಲಿ ಬಂದಿದ್ದರೆ ಬದಲಿಸಿಬಿಡಿ. ಆ ಮಣ್ಣು ಗಟ್ಟಿಯಾಗಿ ಬೇರಿಗೆ ಉಸಿರಾಡಲು ಬಿಡುವುದಿಲ್ಲ. ತೆಂಗಿನ ಸಿಪ್ಪೆಯ ಚೂರು ಎರಡು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು, ಎಲೆಗೊಬ್ಬರ ಒಂದು ಬೆರೆಸಿ. ಕೋಕೋಪೀಟನ್ನು ಎರಡು ಮೂರು ಸಲ ತೊಳೆಯಲೇಬೇಕು. ಉಪ್ಪಿನಂಶ ಉಳಿದರೆ ಎಲೆಯ ತುದಿ ಕಂದುತ್ತದೆ. ಸುಳಿಯನ್ನು ಹೂಳಬೇಡಿ, ಮಿಶ್ರಣದ ಮೇಲೆಯೇ ಇರಲಿ. ನೀರು ಕುಂಡದ ಅಂಚಿಗೆ ಮಾತ್ರ: ಕಾಡಿನ ಗಾಳಿಗೆ ಒಣಗುವ ಸುಳಿ ಮುಚ್ಚಿದ ಹಾಲ್‌ನಲ್ಲಿ ಒದ್ದೆಯಾಗಿಯೇ ಉಳಿದು ಕಪ್ಪಾಗಿ ಕೊಳೆಯುತ್ತದೆ.

ಊರಿನ ಮಲೆನಾಡಿನ ಲೆಕ್ಕ ಇಲ್ಲಿ ನಡೆಯದು. ಮಾರ್ಚ್‌ನಿಂದ ಮೇವರೆಗೆ ಪುಣೆಯ ಒಣಗಾಳಿ ಎಲೆಯ ಅಂಚನ್ನು ಸುರುಟಿಸುತ್ತದೆ, ಪಶ್ಚಿಮ ಬಾಲ್ಕನಿಯ ಬಿಸಿಲು ಸುಟ್ಟೇ ಬಿಡುತ್ತದೆ. ಉತ್ತರದ ಕಿಟಕಿ ಅಥವಾ ಪೂರ್ವದ ಎಳೆಬಿಸಿಲು ಸಾಕು. ಮಿಶ್ರಣದ ಮೇಲಿನ ಒಂದಿಂಚು ಒಣಗಿದ ಮೇಲೆ ನೀರು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಮುಂಬೈಯಲ್ಲಿ ಹವೆಯ ತೇವವೇ ಅರ್ಧ ಕೆಲಸ ಮಾಡಿಕೊಡುತ್ತದೆ.

ಕೊಳ್ಳುವಾಗ ಎಲೆಯ ಹೊಳಪಿಗಿಂತ ಮೊದಲು ಸುಳಿ ನೋಡಿ. ಹಸಿರಾಗಿ ಸುರುಳಿ ಬಿಚ್ಚುತ್ತಿರಬೇಕು. ಆದರೆ ಮುಟ್ಟಬೇಡಿ, ಎಳೆ ಎಲೆಗೆ ಬಿದ್ದ ಗಾಯ ದೊಡ್ಡದಾದ ಮೇಲೂ ಉಳಿಯುತ್ತದೆ. ಎಲೆಯ ಹಿಂಬದಿಯಲ್ಲಿ ಓರೆಯಾಗಿ, ಸಾಲುಸಾಲಾಗಿ ಕಂದು ಗೆರೆಗಳಿದ್ದರೆ ಅವು ಬೀಜಕಗಳ ಗುಂಪು, ಜರೀಗಿಡ ಬೀಜದ ಬದಲು ಇವುಗಳಿಂದಲೇ ಹರಡುತ್ತದೆ. ಹುಳವೆಂದು ಔಷಧ ಹೊಡೆಯಬೇಡಿ. ಗಿಡದ ರಸ ಹೀರುವ ಶಲ್ಕಕೀಟ (ಸ್ಕೇಲ್) ಅಲ್ಲಲ್ಲಿ ಗುಳ್ಳೆಯಂತೆ ಅಂಟಿರುತ್ತದೆ, ಉಗುರಿನಿಂದ ಕೆರೆದರೆ ಇಡಿಯಾಗಿ ಏಳುತ್ತದೆ. ಅಂಥ ಕುಂಡವನ್ನು ಅಲ್ಲೇ ಬಿಟ್ಟು ಬೇರೆಯದನ್ನು ಆರಿಸಿ.